ಆರನೇ ಪೋರ್ಟಿನ ಮೇಲಿನ ಕುಂಕುಮ

ನಿವೃತ್ತಿಯ ದಿನ ನನಗೊಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಕೊಟ್ಟರು. ಬೆಂಗಳೂರಿನ ಹೆಡ್ಡಾಫೀಸಿನಿಂದ ಬಂದಿದ್ದವರೊಬ್ಬರು ಮೈಕು ಹಿಡಿದು, ಗೌರಮ್ಮನವರು ಇಷ್ಟು ವರ್ಷ ನಮ್ಮ ಇಂಟರ್‌ನೆಟ್ ನೋಡಿಕೊಂಡರು ಎಂದರು. ನೋಡಿಕೊಳ್ಳಲು ಅದೇನು ತೊಟ್ಟಿಲಲ್ಲಿ ಮಲಗಿದ ಕೂಸೇ? ನಾನು ಮಾಡಿದ ಕೆಲಸದ ಹೆಸರು ಕೂಡ ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಆದರೂ ನಗುನಗುತ್ತಾ ಕೈಮುಗಿದು ಕೂತಿದ್ದೆ. ಶಾಲು ಹೊದ್ದವರು ಸಿಡುಕುವ ಪದ್ಧತಿ ಇಲ್ಲವಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಮೂರು ನಾಲ್ಕು ಜನ ಆಮೇಲೆ ಹತ್ತಿರ ಬಂದು, ಮೇಡಂ, ನಿಮ್ಮ ಅನುಭವ ಬರೆದುಕೊಡಿ ಎಂದರು. ನನಗೆ ಬಡ್ತಿ ಯಾವಾಗ ಬಂತು, ಯಾರು ಮೆಚ್ಚಿ ಬೆನ್ನು ತಟ್ಟಿದರು ಎಂದೆಲ್ಲ ಬರೆಯಲು ನನಗೆ ಮನಸ್ಸಿಲ್ಲ. ನನ್ನ ಕಣ್ಣೆದುರು ನಡೆದ ಒಂದು ಅನ್ಯಾಯವನ್ನು ಬರೆಯುತ್ತೇನೆ. ನಮ್ಮ ಸರ್ವರ್ ರೂಮನ್ನು ಗುಡಿಸಿ ಒರೆಸುತ್ತಿದ್ದ ರತ್ನಮ್ಮನ ತಲೆಗೆ ಕಟ್ಟಿದ ತಪ್ಪೊಂದಿದೆ. ಅದು ಅವಳು ಮಾಡಿದ್ದಲ್ಲ. ಆದರೆ ಕಂಪನಿಯ ಕಡತದಲ್ಲಿ ಇವತ್ತಿಗೂ ಅವಳದ್ದೇ ಎಂದು ಇದೆ. ನೀವು ಕೆಲಸ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ಬಳಿ ಇಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಫೈರ್‌ವಾಲ್ ಎಂದರೆ ಊಟದ ತಟ್ಟೆಗಿಂತ ಸ್ವಲ್ಪ ಅಗಲದ ಒಂದು ಕಬ್ಬಿಣದ ಡಬ್ಬ. ಮುಂಭಾಗದಲ್ಲಿ ಎಂಟು ಕಿಂಡಿ. ಅವನ್ನೇ ಪೋರ್ಟ್ ಅನ್ನುವುದು. ಎಂಟೂ ನೋಡಲು ಒಂದೇ ಥರ. ಹೊರಗಿನ ಇಂಟರ್‌ನೆಟ್ ಲೈನಿನ ಕೇಬಲ್ ಒಂದಕ್ಕೆ ಬರುತ್ತದೆ, ಆಫೀಸಿನ ಕಂಪ್ಯೂಟರುಗಳ ಕೇಬಲ್ ಇನ್ನೊಂದಕ್ಕೆ. ಯಾವುದು ಬೀದಿ ಬಾಗಿಲು, ಯಾವುದು ಅಡುಗೆಮನೆ ಬಾಗಿಲು ಎಂದು ಆ ಡಬ್ಬಕ್ಕೆ ತಾನಾಗಿ ತಿಳಿಯುವುದಿಲ್ಲ. ನೀನು ಹೊರಗಿನವನು, ನೀನು ಒಳಗಿನವನು ಎಂದು ಪ್ರತಿ ಪೋರ್ಟಿಗೂ ನಾವು ಸೆಟ್ಟಿಂಗಿನಲ್ಲಿ ಹೇಳಬೇಕು. ಇದಕ್ಕೆ ರೋಲ್ ಕೊಡುವುದು ಅನ್ನುತ್ತೇವೆ. ಹೊರಗಿನ ಪೋರ್ಟಿನಿಂದ ಬಂದದ್ದನ್ನು ಡಬ್ಬ ತಡೆದು ತಪಾಸಣೆ ಮಾಡುತ್ತದೆ. ಒಳಗಿನ ಪೋರ್ಟಿನಿಂದ ಬಂದದ್ದನ್ನು ಮನೆಯವರು ಎಂದು ನಂಬುತ್ತದೆ. ಬಂದವರ ಮುಖ ನೋಡುವುದಿಲ್ಲ, ಬಂದ ಬಾಗಿಲು ಮಾತ್ರ ನೋಡುತ್ತದೆ. ಬಾಗಿಲಿಗೆ ನಾವು ತಪ್ಪು ಹೆಸರು ಕೊಟ್ಟಿದ್ದರೆ ಕಳ್ಳನಿಗೂ ಮಣೆ ಹಾಕಿ ಕೂರಿಸುತ್ತದೆ.

ನಾನು ದೊಡ್ಡಬಳ್ಳಾಪುರದವಳು. ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಆ ಸದ್ದಿನ ಮೇಲೆ ಮಾತು ಕೇಳಿಸಬೇಕೆಂದು ಕೂಗಿ ಕೂಗಿ ನನ್ನ ಗಂಟಲು ಈಗಲೂ ಎತ್ತರವೇ. ಊರ ಹತ್ತಿರದ ಬಟ್ಟೆ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸ ಸಿಕ್ಕಿತು. ಬೋರ್ಡಿನ ತುಂಬ ತೂತುಗಳು, ಕರೆ ಯಾರಿಗೋ ಅವರ ತೂತಿಗೆ ಪಿನ್ನು ಚುಚ್ಚಬೇಕು. ಒಂದು ಸಲ ಯಜಮಾನರಿಗೆ ಬಂದ ಅವರ ಹೆಂಡತಿಯ ಕರೆಯನ್ನು ಬಣ್ಣ ಹಾಕುವ ಸೆಕ್ಷನ್ನಿಗೆ ಚುಚ್ಚಿಬಿಟ್ಟೆ. ಅಲ್ಲಿನ ಮೇಸ್ತ್ರಿ ಯಾರೋ ತಲೆ ತಿನ್ನುತ್ತಿದ್ದಾರೆಂದು ಆ ಹೆಂಗಸಿಗೆ ಚೆನ್ನಾಗಿ ಬೈದ. ಅವತ್ತಿನಿಂದ ಚುಚ್ಚುವ ಮೊದಲು ಎರಡು ಸಲ ನೋಡುವುದು ರೂಢಿಯಾಯಿತು. ಬೋರ್ಡು ಹೋಗಿ ಕಂಪ್ಯೂಟರು ಬಂದಾಗ ಅದನ್ನೂ ಕಲಿತೆ. ನಲವತ್ತು ದಾಟಿದ ಹೆಂಗಸು ಇಪ್ಪತ್ತರ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಕಲಿಯುವುದು ಸುಲಭವಲ್ಲ, ಆದರೆ ಬೋರ್ಡಿನ ಮುಂದೆ ಕೂತಿದ್ದ ನನಗೆ ಅವರಿಗಿಂತ ಬೇಗ ತಲೆಗೆ ಹತ್ತಿತು.

ಅಷ್ಟರಲ್ಲಿ ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣ ಎದ್ದಿತು. ನಮ್ಮ ಬಟ್ಟೆ ಕಾರ್ಖಾನೆ ಬಾಗಿಲು ಹಾಕಿತು. ಪಾಲಿಹೌಸುಗಳಲ್ಲಿ ಬೆಳೆದ ಗುಲಾಬಿಯನ್ನು ತಂದು, ತಣ್ಣಗಿಟ್ಟು, ಡಬ್ಬಿ ತುಂಬಿ ವಿದೇಶಕ್ಕೆ ಕಳಿಸುವ ಕಂಪನಿಯೊಂದು ದೇವನಹಳ್ಳಿ ರಸ್ತೆಯಲ್ಲಿ ದೊಡ್ಡ ಶೆಡ್ಡು ಕಟ್ಟಿತು. ನಾನು ಅಲ್ಲಿಗೆ ಸೇರಿದೆ. ಗುಲಾಬಿಗೆ ಕಾಯುವ ಗುಣವಿಲ್ಲ. ಕೋಲ್ಡ್ ರೂಮಿನ ಉಷ್ಣಾಂಶ, ತೂಕದ ಯಂತ್ರ, ಡಬ್ಬಿಗೆ ಅಂಟಿಸುವ ಲೇಬಲ್ಲು, ಎಲ್ಲವೂ ನೆಟ್‌ವರ್ಕಿನ ಮೇಲೆ ನಡೆಯುತ್ತಿದ್ದವು. ಲೇಬಲ್ ಇಲ್ಲದ ಡಬ್ಬಿಯನ್ನು ವಿಮಾನಕ್ಕೆ ಹತ್ತಿಸುವುದಿಲ್ಲ. ಹಾಗಾಗಿ ನನ್ನ ಎಂಟು ಕಿಂಡಿಯ ಡಬ್ಬ ನಿಂತರೆ ಶೆಡ್ಡೇ ನಿಂತ ಹಾಗೆ.

ಡಬ್ಬವನ್ನು ಕೂರಿಸಲು ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬಂದ. ಹೆಬ್ಬಾಳದಲ್ಲಿ ಟ್ರಾಫಿಕ್ ಶುರುವಾಗುವ ಮುಂಚೆ ವಾಪಸ್ ಹೋಗಬೇಕು ಎಂಬುದೊಂದೇ ಅವನ ಚಿಂತೆ. ಒಂದನೇ ಪೋರ್ಟು ಮುಖ್ಯ ಇಂಟರ್‌ನೆಟ್ ಲೈನಿಗೆ, ಎರಡನೆಯದು ಅದು ಕೆಟ್ಟಾಗ ಬೇಕಾಗುವ ಇನ್ನೊಂದು ಲೈನಿಗೆ, ಮೂರನೆಯದು ಆಫೀಸಿಗೆ, ನಾಲ್ಕನೆಯದು ಕೋಲ್ಡ್ ರೂಮು ಮತ್ತು ಪ್ಯಾಕಿಂಗಿಗೆ. ಇಲ್ಲಿಯವರೆಗೂ ಸರಿ. ಉಳಿದ ನಾಲ್ಕು ಖಾಲಿ ಪೋರ್ಟುಗಳನ್ನೂ ಅವನು ಒಳಗಿನವು ಎಂದು ಮಾಡಿ, ಒಳಗಿನ ನೆಟ್‌ವರ್ಕಿಗೆ ಒಟ್ಟಾಗಿ ಜೋಡಿಸಿಟ್ಟ. ಖಾಲಿ ಇರುವುದನ್ನು ಮುಚ್ಚಿಡಪ್ಪಾ ಎಂದೆ. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ವಿಶ್ವನಾಥ್, ಬೇಡ ಬೇಡ, ಡೈರೆಕ್ಟರುಗಳು ಬಂದಾಗ ಲ್ಯಾಪ್‌ಟಾಪ್ ಎಲ್ಲಿ ಚುಚ್ಚಿದರೂ ನಡೆಯಬೇಕು ಎಂದರು. ಎಂಜಿನಿಯರು ಅವರ ಮಾತು ಕೇಳಿದ. ಕೆಲಸ ಸರಿಯಾಗಿದೆ ಎಂದು ಬರೆದ ಕಾಗದವನ್ನು ನನ್ನ ಮುಂದೆ ಹಿಡಿದ. ನಾನು ಸೈನ್ ಮಾಡಿದೆ. ಮೇಲಿನವರು ಹೇಳಿದ ಮೇಲೆ ನನ್ನದೇನು ಎಂದುಕೊಂಡು ಮಾಡಿದ ಸೈನು ಅದು.

ಇನ್ನೊಂದು ಕೆಲಸ ನಿಗಾ ಇಡುವುದು. ಯಾವ ಪೋರ್ಟಿಗೆ ಜೀವ ಇದೆ, ಯಾವುದಕ್ಕಿಲ್ಲ, ಎಷ್ಟು ಮಾಹಿತಿ ಬಂತು, ಎಷ್ಟು ಹೋಯಿತು, ದಾರಿಯಲ್ಲಿ ಎಷ್ಟು ಕೆಟ್ಟಿತು, ಇದೆಲ್ಲ ಪರದೆಯ ಮೇಲೆ ಕಾಣುತ್ತದೆ. ನಾನು ಬೆಳಗ್ಗೆ ಒಂದು ಸಲ, ಸಂಜೆ ಮನೆಗೆ ಹೊರಡುವಾಗ ಒಂದು ಸಲ ನೋಡಿ ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಪಂಚಾಂಗ ಆಯ್ತಾ ಎಂದು ಆಫೀಸಿನವರು ಕಿಚಾಯಿಸುತ್ತಿದ್ದರು. ಆ ಪಂಚಾಂಗದಿಂದಲೇ ನಾಲ್ಕನೇ ಪೋರ್ಟಿನಲ್ಲಿ ದಿನಾ ಮಧ್ಯಾಹ್ನ ಮಾತ್ರ ಕೆಡುವ ಮಾಹಿತಿ ಹೆಚ್ಚುತ್ತದೆ ಎಂದು ಗೊತ್ತಾಗಿದ್ದು. ಎಲೆಕ್ಟ್ರಿಶಿಯನ್ ಖಲೀಲ್ ಸಾಬರನ್ನು ಕರೆದುಕೊಂಡು ಕೇಬಲ್ಲಿನ ಜಾಡು ಹಿಡಿದು ಹೋದೆ. ಅದು ಕೋಲ್ಡ್ ರೂಮಿನ ಕಂಪ್ರೆಸರಿನ ಕರೆಂಟ್ ವೈರಿಗೆ ಅಂಟಿಕೊಂಡೇ ಓಡಿತ್ತು. ಬಿಸಿಲೇರಿದಾಗ ಕಂಪ್ರೆಸರ್ ಜೋರಾಗಿ ಓಡುತ್ತದೆ, ಇದು ಕೆಡುತ್ತದೆ. ಖಲೀಲ್ ಸಾಬರು ಏಣಿ ಹತ್ತಿ ಎರಡನ್ನೂ ಬೇರೆ ಮಾಡಿದರು. ಅವರೂ ರತ್ನಮ್ಮನ ಹಾಗೆ ಗುತ್ತಿಗೆಯ ನೌಕರರೇ, ದೊಡ್ಡಬಳ್ಳಾಪುರದ ಪೇಟೆಯವರು. ಪುಸ್ತಕ ನೋಡಿ ನಗದೆ ಇದ್ದವರು ಆ ಶೆಡ್ಡಿನಲ್ಲಿ ಇಬ್ಬರೇ, ಒಬ್ಬರು ಅವರು, ಇನ್ನೊಬ್ಬಳು ರತ್ನಮ್ಮ.

ಮ್ಯಾನೇಜರಿಗೆ ನಿಗಾ ಎಂದರೆ ದೀಪ ಎಣಿಸುವುದು. ಹಸಿರು ಉರಿದರೆ ಎಲ್ಲ ಸರಿ. ಒಮ್ಮೆ ಡೈರೆಕ್ಟರುಗಳು ಬರುವ ದಿನ, ನಾಲ್ಕು ಪೋರ್ಟು ಯಾಕೆ ಕಪ್ಪಗಿವೆ, ನೋಡೋರಿಗೆ ಕೆಟ್ಟಿದೆ ಅನ್ಸಲ್ವಾ ಎಂದು ಕೇಳಿದರು. ಖಾಲಿ ಇವೆ ಸರ್ ಎಂದೆ. ನಾನು ಊಟಕ್ಕೆ ಹೋಗಿದ್ದಾಗ ತಾವೇ ಒಂದು ಗಿಡ್ಡ ಕೇಬಲ್ ತಂದು ಏಳಕ್ಕೂ ಎಂಟಕ್ಕೂ ಚುಚ್ಚಿಬಿಟ್ಟರು. ಎರಡೂ ಹಸಿರಾದವು. ಆದರೆ ಒಳಗಿನ ಒಂದು ಪೋರ್ಟಿನಿಂದ ಹೊರಟದ್ದು ಇನ್ನೊಂದು ಒಳಗಿನ ಪೋರ್ಟಿಗೆ ಬಂದು, ಮತ್ತೆ ಹೊರಟು, ಗಾಣದೆತ್ತಿನ ಹಾಗೆ ಸುತ್ತತೊಡಗಿ ಇಡೀ ಶೆಡ್ಡಿನ ಕಂಪ್ಯೂಟರುಗಳು ಕಲ್ಲಾದವು. ಡೈರೆಕ್ಟರುಗಳು ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಓಡಿ ಬಂದು ಕೇಬಲ್ ಕಿತ್ತೆ. ಖಾಲಿ ಪೋರ್ಟುಗಳನ್ನು ಈಗಲಾದರೂ ಮುಚ್ಚೋಣ ಎಂದು ಕೇಳಿದೆ. ನೋಡೋಣ ಎಂದರು. ಆ ನೋಡೋಣ ಎಂಬ ಮಾತಿನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವತ್ತು ಅವರ ತಪ್ಪಿಗೆ ಯಾರೂ ಅವರಿಂದ ಒಂದು ಸಾಲು ಬರೆಸಿಕೊಳ್ಳಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಈಗ ರತ್ನಮ್ಮನ ವಿಷಯ. ಮಾಕಳಿದುರ್ಗದ ಬುಡದ ಹಳ್ಳಿಯವಳು, ಬೆಳಗಿನ ರೈಲಿಗೆ ದೊಡ್ಡಬಳ್ಳಾಪುರಕ್ಕೆ ಬಂದು ಅಲ್ಲಿಂದ ಕಂಪನಿ ವ್ಯಾನು ಹತ್ತುತ್ತಿದ್ದಳು. ಬೆಂಗಳೂರಿನವರು ಬೆಟ್ಟ ಹತ್ತಲು ಇಳಿಯುವ ಸ್ಟೇಷನ್ನಿನಲ್ಲಿ ತಾನು ಗುಡಿಸಲು ಹೋಗುವುದಕ್ಕೆ ಹತ್ತುತ್ತೇನೆ ಎಂದು ನಗುತ್ತಿದ್ದಳು. ಸರ್ವರ್ ರೂಮಿಗೆ ಬೇರೆ ಯಾರನ್ನೂ ನಾನು ಬಿಡುತ್ತಿರಲಿಲ್ಲ. ಒಣ ಬಟ್ಟೆಯಲ್ಲೇ ಒರೆಸಬೇಕು, ಯಾವ ಕೇಬಲ್ಲಿಗೂ ಕೈ ಹಾಕಬಾರದು ಎಂದು ಮೊದಲ ದಿನ ಹೇಳಿದ್ದೆ. ಎರಡನೇ ಸಲ ಹೇಳುವ ಪ್ರಮೇಯ ಬರಲಿಲ್ಲ. ಒಮ್ಮೆ ಒಂದು ಕೇಬಲ್ ಸಡಿಲವಾಗಿ ಜೋತಾಡುತ್ತಿದ್ದುದನ್ನು ನೋಡಿ, ತಾನೇ ಒತ್ತಬಹುದಾಗಿದ್ದರೂ ಒತ್ತದೆ, ನನ್ನನ್ನು ಹುಡುಕಿಕೊಂಡು ಶೆಡ್ಡಿನ ಆ ತುದಿಯವರೆಗೆ ನಡೆದು ಬಂದಿದ್ದಳು. ಅಂಥವಳು ಅವಳು.

ಆ ವರ್ಷದ ಆಯುಧಪೂಜೆ. ನಿಮಗೆ ಗೊತ್ತಿರುವ ಹಾಗೆ ಅವತ್ತು ಎಲ್ಲವನ್ನೂ ಒರೆಸಿ, ತೊಳೆದು, ವಿಭೂತಿ ಬಳಿದು, ಗಂಧ ಕುಂಕುಮ ಇಡುತ್ತೇವೆ. ತೂಕದ ಯಂತ್ರ, ಟ್ರಾಲಿ, ಲಾರಿ, ಕಂಪ್ಯೂಟರು, ಯಾವುದನ್ನೂ ಬಿಡುವುದಿಲ್ಲ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟಬಾರದು. ನಮ್ಮ ಮನೆಯಲ್ಲಿ ಅಪ್ಪ ಮಗ್ಗಕ್ಕೆ ಪೂಜೆ ಮಾಡಿದರೆ ಎರಡು ದಿನ ಲಾಳಿಗೆ ಕೈ ಹಾಕುತ್ತಿರಲಿಲ್ಲ. ನನ್ನ ಆಯುಧ ಯಾವುದು? ಆ ಉದ್ದ ಪುಸ್ತಕ. ಬೆಳಗ್ಗೆ ಎಲ್ಲ ಪೋರ್ಟುಗಳನ್ನೂ ನೋಡಿ ಬರೆದು, ಪುಸ್ತಕದ ರಟ್ಟಿಗೆ ಕುಂಕುಮ ಇಟ್ಟು, ನನ್ನ ಮೇಜಿನ ಮೇಲೆ ಹೂವೇರಿಸಿ ಇಟ್ಟೆ. ಮಧ್ಯಾಹ್ನ ಮನೆಗೆ ಹೊರಡುವಾಗ ಬರೆಯಲಿಲ್ಲ. ಪುಸ್ತಕ ಮುಟ್ಟುವ ಹಾಗಿಲ್ಲ ಎಂದಮೇಲೆ ಪರದೆಯನ್ನೂ ನೋಡಲಿಲ್ಲ. ಮಾರನೇ ದಿನ ದಶಮಿ, ಅದರ ಮಾರನೇ ದಿನ ಭಾನುವಾರ. ಇಷ್ಟು ವರ್ಷದ ಕೆಲಸದಲ್ಲಿ ಬೇಕೆಂದೇ ಕಣ್ಣು ಮುಚ್ಚಿದ್ದು ಆ ಎರಡೂವರೆ ದಿನ ಮಾತ್ರ.

ಪೂಜೆಯ ಹೊತ್ತಿಗೆ ನಾನು ಗೇಟಿನ ಹತ್ತಿರ ಇದ್ದೆ. ಲಾರಿಗಳಿಗೆ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ರತ್ನಮ್ಮ ಕ್ಯಾಂಟೀನಿನಲ್ಲಿ ಕಡ್ಲೆಪುರಿ ಪೊಟ್ಟಣ ಕಟ್ಟುತ್ತಿದ್ದಳು. ಸರ್ವರ್ ರೂಮಿನ ಪೂಜೆ ಮ್ಯಾನೇಜರದ್ದೇ. ಅವರು ಅದರ ಫೋಟೋ ತೆಗೆಸಿ, ಆ ಹೊತ್ತಿಗೇ ಹೆಡ್ಡಾಫೀಸಿಗೂ ನಮಗೆಲ್ಲರಿಗೂ ಮೇಲ್ ಮಾಡಿದರು. ಮಧ್ಯಾಹ್ನ ಶೆಡ್ಡಿಗೆ ಬೀಗ ಬಿತ್ತು. ಕೋಲ್ಡ್ ರೂಮು ಮಾತ್ರ ಓಡುತ್ತಿತ್ತು.

ಸೋಮವಾರ ಬೆಳಗ್ಗೆ ಕಂಪ್ಯೂಟರುಗಳನ್ನು ಆನ್ ಮಾಡಿದರೆ ಅರ್ಧ ಕೆಲಸ ಮಾಡುತ್ತಿವೆ, ಅರ್ಧ ಇಲ್ಲ. ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ. ಲೇಬಲ್ ಹೊಡೆಯುವ ಎರಡು ಕಂಪ್ಯೂಟರಿಗೆ ಇಂಟರ್‌ನೆಟ್ ಬರುತ್ತಿದೆ, ಆದರೆ ಪಕ್ಕದಲ್ಲೇ ಇರುವ ನಮ್ಮ ಸರ್ವರ್ ಕಾಣುತ್ತಿಲ್ಲ. ಮೂರು ದಿನದ ಹೂವು ಡಬ್ಬಿಯಲ್ಲಿ ಕೂತಿದೆ. ಲಾರಿಗಳು ಸಾಲಾಗಿ ನಿಂತಿವೆ. ಮ್ಯಾನೇಜರು ನನ್ನ ಬೆನ್ನ ಹಿಂದೆ ನಿಂತು, ಏನ್ ಗೌರಮ್ನೋರೆ ಇದು, ಏನಿದು ಎಂದು ಒಂದೇ ಸಮ ಕೇಳುತ್ತಿದ್ದಾರೆ. ನಾನು ಆತುರದಲ್ಲಿ ಸರ್ವರನ್ನು ಆಫ್ ಮಾಡಿ ಆನ್ ಮಾಡಿದೆ, ಪ್ರಿಂಟರಿನ ಕೇಬಲ್ ಬದಲಿಸಿದೆ. ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡಿದೆ. ಪರದೆಯಲ್ಲಿ ಪೋರ್ಟುಗಳ ಪುಟ ತೆರೆದಾಗ ಎರಡನೆಯದು ಸತ್ತಿತ್ತು. ಯಾವತ್ತೂ ಜೀವವಿಲ್ಲದ ಆರನೆಯದು ಹಸಿರಾಗಿ ಓಡುತ್ತಿತ್ತು. ಸರ್ವರ್ ರೂಮಿಗೆ ಹೋಗಿ ನೋಡಿದರೆ ಪೋರ್ಟುಗಳ ಮೇಲೆ ನಾನು ಅಂಟಿಸಿದ್ದ ಅಂಕಿಗಳೆಲ್ಲ ಗಂಧದಲ್ಲಿ ಮುಚ್ಚಿ ಹೋಗಿವೆ. ಆರನೇ ಪೋರ್ಟಿನ ನೆತ್ತಿಯ ಮೇಲೆ ದಪ್ಪನೆಯ ಕುಂಕುಮ, ಅದರ ಕೆಳಗೆ ಎರಡನೇ ಲೈನಿನ ಹಳದಿ ಕೇಬಲ್.

ಏನಾಗಿತ್ತು ಎಂದರೆ, ಕಂಪ್ಯೂಟರು ಆನ್ ಆದ ಕೂಡಲೇ ನನ್ನ ವಿಳಾಸ ಯಾವುದು ಎಂದು ಒಳಗಿನವರನ್ನು ಕೇಳುತ್ತದೆ. ಮೊದಲು ಉತ್ತರ ಕೊಟ್ಟವರ ಮಾತು ನಂಬುತ್ತದೆ. ಹೊರಗಿನ ಲೈನಿನ ಕೇಬಲ್ ಒಳಗಿನದೆಂದು ಹೆಸರಾದ ಪೋರ್ಟಿಗೆ ಬಂದು ಕೂತಿದ್ದರಿಂದ, ಹೊರಗಿನವನ, ಅಂದರೆ ಆ ಲೈನ್ ಕೊಟ್ಟವನ, ಡಬ್ಬವೂ ನಮ್ಮ ಕಂಪ್ಯೂಟರುಗಳಿಗೆ ವಿಳಾಸ ಹಂಚತೊಡಗಿತ್ತು. ಅವನಿಂದ ಪಡೆದವು ದಾರಿ ತಪ್ಪಿದವು. ಅದಕ್ಕಿಂತ ಹೆಚ್ಚಾಗಿ, ರಜೆಯ ದಿನಗಳಲ್ಲಿ ನಮ್ಮ ಇಡೀ ಮನೆ ಬಾಗಿಲಿಲ್ಲದೆ ಬೀದಿಗೆ ತೆರೆದುಕೊಂಡಿತ್ತು. ಕೇಬಲನ್ನು ಎರಡಕ್ಕೆ ಹಾಕಿ, ಎಲ್ಲ ಕಂಪ್ಯೂಟರುಗಳನ್ನೂ ಒಂದು ಸಲ ನಿಲ್ಲಿಸಿ ಏಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಲೇಬಲ್ಲುಗಳು ಬರತೊಡಗಿದವು. ಅಷ್ಟರಲ್ಲಿ ಅವತ್ತಿನ ವಿಮಾನ ತಪ್ಪಿಹೋಗಿತ್ತು. ಡಬ್ಬಿಗಟ್ಟಲೆ ಗುಲಾಬಿಯನ್ನು ಶೆಡ್ಡಿನ ಹಿಂದೆ ಸುರಿದರು.

ಹೆಡ್ಡಾಫೀಸಿಗೆ ಒಂದು ಹೆಸರು ಬೇಕಿತ್ತು. ಮ್ಯಾನೇಜರು ಅದೇ ಮಧ್ಯಾಹ್ನ ಕೊಟ್ಟರು. ಸ್ವಚ್ಛತಾ ಸಿಬ್ಬಂದಿ ರತ್ನಮ್ಮ ಎಂಬುವವರು ಹಬ್ಬದ ನಿಮಿತ್ತ ಒರೆಸುವಾಗ ಅಜಾಗರೂಕತೆಯಿಂದ ಕೇಬಲ್ ಕಿತ್ತು ತಪ್ಪು ಜಾಗಕ್ಕೆ ಹಾಕಿರುತ್ತಾರೆ ಎಂದು ಬರೆದರು. ಮಾರನೇ ದಿನ ಅವಳನ್ನು ಗೇಟಿನಲ್ಲೇ ತಡೆದರು. ನಾನು ವ್ಯಾನಿನಿಂದ ಇಳಿಯುವುದನ್ನೇ ಕಾಯುತ್ತಿದ್ದಳು. ಅಳುತ್ತಿರಲಿಲ್ಲ.

"ನಾನು ಮುಟ್ಟಿಲ್ಲ ಗೌರಕ್ಕ. ಕೆಲ್ಸ ಹೋದ್ರೆ ಹೋಗ್ಲಿ, ಮುಟ್ಟಿದ್ಲು ಅಂತ ಯಾಕ್ ಬರೆದ್ರು? ನೀವ್ ಬೇಡ ಅಂದಿದ್ದನ್ನ ನಾನ್ ಯಾವತ್ತಾದ್ರೂ ಮುಟ್ಟಿದೀನಾ?"

ಇಲ್ಲ ಎಂದೆ. ನೋಡಿ ಹೇಳುತ್ತೇನೆ, ನೀನು ಮನೆಗೆ ಹೋಗು ಎಂದೆ. ನೋಡೋಣ ಎಂಬ ಮಾತಿಗೆ ಬೈದವಳ ಬಾಯಿಂದಲೇ ಅದೇ ಮಾತು ಬಂತು.

ಡಬ್ಬ ಯಾವ ಪೋರ್ಟು ಯಾವ ನಿಮಿಷಕ್ಕೆ ಸತ್ತಿತು, ಯಾವುದು ಎದ್ದಿತು ಎಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆಗೆದು ನೋಡಿದೆ. ಎರಡನೇ ಪೋರ್ಟು ಸತ್ತದ್ದು ಪೂಜೆಯ ಹೊತ್ತಿಗೆ, ಆರನೆಯದು ಎದ್ದದ್ದು ಅದಾದ ಏಳು ನಿಮಿಷಕ್ಕೆ. ರತ್ನಮ್ಮ ಒರೆಸಿ ಮುಗಿಸಿ ಹೋದದ್ದು ಹಿಂದಿನ ಸಂಜೆ. ಪೂಜೆಯ ದಿನ ಬೆಳಗ್ಗೆ ನಾನೇ ನೋಡಿ ಎರಡನೆಯದು ಸರಿ ಇದೆ ಎಂದು ಪುಸ್ತಕದಲ್ಲಿ ಬರೆದಿದ್ದೇನೆ. ಆಮೇಲೆ ಮ್ಯಾನೇಜರು ಕಳಿಸಿದ್ದ ಫೋಟೋ ತೆರೆದೆ. ಮಂಗಳಾರತಿ ತಟ್ಟೆ ಹಿಡಿದು ನಗುತ್ತಾ ನಿಂತಿದ್ದಾರೆ. ಹಿಂದೆ ಚೆಂಡುಹೂವಿನ ಹಾರ ಹಾಕಿದ ಡಬ್ಬ. ಹಳದಿ ಕೇಬಲ್ ಯಾವುದಕ್ಕೂ ಹೋಗದೆ ಅವರ ತೋಳಿನ ಪಕ್ಕದಲ್ಲಿ ಜೋತಾಡುತ್ತಿದೆ. ಮೇಲ್ ಬಂದ ಸಮಯ ಸರಿಯಾಗಿ ಆ ಏಳು ನಿಮಿಷದ ಒಳಗೆ.

ಫೋಟೋ ತೆಗೆದವರು ಖಲೀಲ್ ಸಾಬರು. ಮೆಲ್ಲಗೆ ಕೇಳಿದೆ.

"ಸಾಹೇಬ್ರೇ ಎಳ್ದಿದ್ದು ಮೇಡಂ. ಹಾರಕ್ಕೆ ಅಡ್ಡ ಬರುತ್ತೆ, ಫೋಟೋ ಚೆನ್ನಾಗ್ ಬರಲ್ಲ ಅಂದ್ರು. ಆಮೇಲೆ ಯಾವ್ದೋ ಖಾಲಿ ಇದ್ದಿದ್ದಕ್ಕೆ ಒತ್ತಿದ್ರು. ನಾನು ಬಂದು ಹೇಳ್ತೀನಿ, ಹೇಳಲ್ಲ ಅನ್ನಲ್ಲ. ಆದ್ರೆ ಮೊದ್ಲು ನೀವ್ ಹೇಳ್ಬೇಕು. ನಾನೊಬ್ನೇ ಹೇಳಿದ್ರೆ ನಾಳೆ ನಾನೂ ಗೇಟಿನ್ ಆಚೆ."

ಅವರ ಮಾತು ನ್ಯಾಯವಾಗಿತ್ತು. ಕಾಯಂ ನೌಕರಿಯಲ್ಲಿದ್ದವಳು ನಾನು. ಕಾಗದಗಳನ್ನು ಹಿಡಿದು ಮ್ಯಾನೇಜರ ಕೋಣೆಗೆ ಹೋದೆ. ಅವರು ಎಲ್ಲವನ್ನೂ ಸಮಾಧಾನದಿಂದ ನೋಡಿದರು, ಫೋಟೋವನ್ನೂ ನೋಡಿದರು. ಆಮೇಲೆ ಕಪಾಟಿನಿಂದ ಒಂದು ಫೈಲು ತೆಗೆದು ನನ್ನ ಮುಂದೆ ಇಟ್ಟರು.

"ಆರನೇ ಪೋರ್ಟು ಒಳಗಿನದು ಅಂತ ಒಪ್ಪಿ ಸೈನ್ ಮಾಡಿರೋದು ಯಾರು ಗೌರಮ್ನೋರೆ? ಎರಡೂವರೆ ದಿನ ನೀವು ನೋಡ್ಲೇ ಇಲ್ವಂತೆ, ಪುಸ್ತಕ ಖಾಲಿ ಇದೆ. ಅವಳು ಕಾಂಟ್ರಾಕ್ಟಿನವಳು, ಇನ್ನೊಂದ್ ಕಡೆ ಸೇರ್ಕೋತಾಳೆ. ನಿಮಗೆ ಯಾಕೆ ಬೇಕು?"

ನಾನು ಎದ್ದು ಬಂದೆ. ಅವತ್ತೇ ಹೆಡ್ಡಾಫೀಸಿಗೆ ಬರೆದುಬಿಟ್ಟೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ಬರೆಯಲಿಲ್ಲ. ಎಂಟು ದಿನ ಸುಮ್ಮನಿದ್ದೆ. ರತ್ನಮ್ಮ ಪ್ರತಿ ಬೆಳಗ್ಗೆ ಅದೇ ರೈಲಿಗೆ ಬಂದು ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದಳು. ನನ್ನ ವ್ಯಾನು ಒಳಗೆ ಹೋದ ಮೇಲೆ ಹಿಂದಿರುಗುತ್ತಿದ್ದಳು. ನಾನು ಕಿಟಕಿಯ ಇನ್ನೊಂದು ಕಡೆ ಮುಖ ಮಾಡುತ್ತಿದ್ದೆ. ಮ್ಯಾನೇಜರ ಮೇಲೆ ನನಗಿರುವ ಸಿಟ್ಟು ದೊಡ್ಡದು, ಆದರೆ ಆ ಎಂಟು ದಿನಕ್ಕಾಗಿ ನನ್ನ ಮೇಲೆ ಇರುವುದು ಅದಕ್ಕಿಂತ ದೊಡ್ಡದು.

ಒಂಬತ್ತನೇ ದಿನ ಮರದ ಕೆಳಗೆ ಅವಳಿರಲಿಲ್ಲ. ನನ್ನಿಂದ ಆಸೆ ಬಿಟ್ಟಳು ಎಂದು ಅರ್ಥವಾಯಿತು. ಅವತ್ತೇ ಕೂತು ಹೆಡ್ಡಾಫೀಸಿಗೆ ಬರೆದೆ. ಡಬ್ಬದ ದಾಖಲೆ, ಫೋಟೋ, ಅದು ಬಂದ ಸಮಯ, ನನ್ನ ಪುಸ್ತಕದ ಪುಟ, ಎಲ್ಲ ಲಗತ್ತಿಸಿದೆ. ಖಾಲಿ ಪೋರ್ಟುಗಳಿಗೆ ಒಳಗಿನ ರೋಲ್ ಕೊಟ್ಟ ಕಾಗದಕ್ಕೆ ಸೈನ್ ಮಾಡಿದ್ದು ನಾನು, ರಜೆಯಲ್ಲಿ ನೋಡದೆ ಹೋದದ್ದು ನಾನು, ಕೇಬಲ್ ಕಿತ್ತದ್ದು ಮ್ಯಾನೇಜರು, ರತ್ನಮ್ಮನ ಪಾತ್ರ ಏನೂ ಇಲ್ಲ ಎಂದು ಸಾಲು ಸಾಲಾಗಿ ಬರೆದೆ. ಖಲೀಲ್ ಸಾಬರು ಕೆಳಗೆ ಉರ್ದುವಿನಲ್ಲಿ ತಮ್ಮ ಸೈನ್ ಹಾಕಿದರು.

ಉತ್ತರ ಬರಲು ಮೂರು ವಾರ ಹಿಡಿಯಿತು. ಇನ್ನು ಮುಂದೆ ಸರ್ವರ್ ರೂಮಿನಲ್ಲಿ ಪೂಜೆ ಮಾಡಬಾರದು ಎಂದು ಆಜ್ಞೆ ಬಂತು. ಪೂಜೆಯ ಮೇಲೆ ಹೋಯಿತು ತಪ್ಪು. ಗಂಧ ಕುಂಕುಮ ತಾವಾಗಿ ಹೋಗಿ ಕೇಬಲ್ ಕಿತ್ತವೇ? ನನಗೊಂದು ಎಚ್ಚರಿಕೆ ಪತ್ರ ಬಂತು, ಅದು ನ್ಯಾಯವೇ, ತಲೆಬಾಗಿ ತೆಗೆದುಕೊಂಡೆ. ಮ್ಯಾನೇಜರನ್ನು ಇನ್ನೂ ದೊಡ್ಡ ಶೆಡ್ಡಿಗೆ ಕಳಿಸಿದರು. ರತ್ನಮ್ಮನ ವಿಷಯದಲ್ಲಿ, ಅವಳ ತಪ್ಪನ್ನು ಮಾನವೀಯತೆಯ ದೃಷ್ಟಿಯಿಂದ ಕ್ಷಮಿಸಿ ಮರಳಿ ತೆಗೆದುಕೊಳ್ಳಲಾಗಿದೆ ಎಂದು ಬರೆದಿದ್ದರು. ಮಾಡದ ತಪ್ಪಿಗೆ ಕ್ಷಮೆ. ಓದಿ ನನ್ನ ಮೈಯೆಲ್ಲ ಉರಿಯಿತು. ಅಷ್ಟು ಸಾಲದು ಎಂಬಂತೆ, ತಪ್ಪಾಯಿತು, ಇನ್ನೊಮ್ಮೆ ಮಾಡುವುದಿಲ್ಲ ಎಂದು ಅವಳಿಂದ ಬರೆಸಿಕೊಂಡರು. ಕಾಗದವನ್ನು ಮೊದಲೇ ಟೈಪ್ ಮಾಡಿಟ್ಟಿದ್ದರು. ಸೈನ್ ಮಾಡಬೇಡ ಎಂದು ಹೇಳಲು ಹೋದೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ ಅಕ್ಕ ಎಂದಳು. ಸೈನ್ ಹಾಕಿದಳು.

ಅವಳು ಮರಳಿ ಬಂದ ದಿನ ಯಾರನ್ನೂ ಕೇಳದೆ ಐದು, ಆರು, ಏಳು, ಎಂಟನೇ ಪೋರ್ಟುಗಳ ರೋಲ್ ತೆಗೆದು ಮುಚ್ಚಿಬಿಟ್ಟೆ. ಡೈರೆಕ್ಟರು ಬಂದು ಲ್ಯಾಪ್‌ಟಾಪ್ ಚುಚ್ಚಿ, ಬರ್ತಾ ಇಲ್ವಲ್ಲ ಎಂದರೆ, ಬರಬಾರದು ಸರ್ ಎಂದು ಹೇಳುವಷ್ಟು ಗಂಟಲು ನನಗೆ ಆ ಹೊತ್ತಿಗೆ ಬಂದಿತ್ತು.

ಆಮೇಲೆ ಎಲ್ಲ ಬದಲಾಯಿತು. ಪುಸ್ತಕ ಹೋಗಿ ಮೊಬೈಲಿಗೆ ಸಂದೇಶ ಬರತೊಡಗಿತು. ನಮ್ಮ ಡಬ್ಬವನ್ನು ಎಲ್ಲೋ ದೂರದ ಊರಿನಲ್ಲಿ ಕೂತವರು ನೋಡಿಕೊಳ್ಳುವ ಕಾಲವೂ ಬಂತು. ಅಂಥವನೊಬ್ಬ, ತಾನು ಯಾವ ಪೋರ್ಟಿನ ಮೂಲಕ ಒಳಗೆ ಬಂದಿದ್ದನೋ ಅದೇ ಪೋರ್ಟಿನ ರೋಲ್ ಬದಲಿಸಿ, ತನ್ನನ್ನು ತಾನೇ ಹೊರಗೆ ಹಾಕಿ ಬಾಗಿಲು ಹಾಕಿಕೊಂಡ. ಫೋನ್ ಮಾಡಿ, ಮೇಡಂ, ಸ್ವಲ್ಪ ಒಳಗಿಂದ ತೆಗೀರಿ ಎಂದ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನಿಂದಲೇ ಆಯಿತು ಎಂದು ಮೊದಲ ಮಾತಿನಲ್ಲೇ ಹೇಳಿದ. ಇಷ್ಟು ವರ್ಷದಲ್ಲಿ ಹಾಗೆ ಹೇಳಿದವರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ.

ಹೊಸದಾಗಿ ಸೇರಿದವರಿಗೆ ಇಷ್ಟು ಹೇಳುತ್ತೇನೆ. ಬಳಸದ ಪೋರ್ಟನ್ನು ಮುಚ್ಚಿ. ಹಸಿರು ದೀಪ ಕಂಡು ಸಮಾಧಾನಪಡಬೇಡಿ, ಹಸಿರಾಗಬಾರದ್ದು ಯಾಕೆ ಹಸಿರಾಗಿದೆ ಎಂದು ಕೇಳಿ. ಒಪ್ಪದ ಕಾಗದಕ್ಕೆ ಸೈನ್ ಹಾಕಬೇಡಿ. ಪೂಜೆ ಬೇಕಾದರೆ ಮಾಡಿ, ಆದರೆ ಪೂಜೆ ಮುಗಿದ ಮೇಲೂ ಪರದೆ ನೋಡಿ. ಏನಾದರೂ ಕೆಟ್ಟಾಗ ಗುಡಿಸುವವರ ಹೆಸರು ಮೊದಲು ಬಂದರೆ, ಅಲ್ಲೇ ತಡೆಯಿರಿ, ಎಂಟು ದಿನ ಕಾಯಬೇಡಿ.

ನಿವೃತ್ತಿಯ ಸಭೆ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡುತ್ತಿದ್ದ ರತ್ನಮ್ಮ ಹತ್ತಿರ ಬಂದಳು. ಅವಳ ತಲೆಯೂ ನೆರೆತಿದೆ. ನನ್ನ ಶಾಲಿನ ಅಂಚನ್ನು ಸರಿಮಾಡಿದಳು. ಇಷ್ಟು ವರ್ಷ ಆ ವಿಷಯವನ್ನು ಒಂದು ದಿನವೂ ಎತ್ತದವಳು, ಅವತ್ತು ಕೇಳಿದಳು.

"ಗೌರಕ್ಕ, ಆ ಕಾಗ್ದ ತೆಗುದ್ರಾ?"

ಇಲ್ಲ ಎಂದೆ. ಎರಡು ಸಲ ಬರೆದು ಕೇಳಿದ್ದೆ. ಮುಗಿದ ವಿಷಯ ಎಂದು ಎರಡು ಸಲವೂ ಉತ್ತರ ಬಂದಿತ್ತು. ಅವಳು ತಲೆಯಾಡಿಸಿ ಮತ್ತೆ ಕುರ್ಚಿ ಎತ್ತಲು ಹೋದಳು.

ಆ ಕಡತದಿಂದ ಕಾಗದ ತೆಗೆಸುವುದು ನನ್ನಿಂದ ಆಗಲಿಲ್ಲ. ಅದರ ಎದುರಿಗೆ ಇದೊಂದು ಕಾಗದ ಇರಲಿ. ಎರಡನೇ ಪೋರ್ಟಿನ ಕೇಬಲ್ ಕಿತ್ತದ್ದು ಮ್ಯಾನೇಜರು. ಆರನೇ ಪೋರ್ಟನ್ನು ತೆರೆದಿಡಲು ಒಪ್ಪಿ ಸೈನ್ ಹಾಕಿದ್ದು ನಾನು. ರತ್ನಮ್ಮ ಮುಟ್ಟಲಿಲ್ಲ.